ಅಕ್ಕ ಉರ್ಕೊಂಡ್ರು

ಆ ಅಕ್ಕನ ಸಿಟ್ಟು ಮೊದಲು ಕಾಣಿಸಿಕೊಳ್ಳುತ್ತಿದ್ದುದು ಮೂಗಿನಲ್ಲಿ. ಮೂಗಿನ ತುದಿ ಕೆಂಪಾಗುತ್ತಿತ್ತು. ಆಮೇಲೆ ಕಿವಿ. ಆಮೇಲೆ ಬಲಗೈ ಸೆರಗನ್ನು ಹುಡುಕುತ್ತಿತ್ತು. ಸೀರೆ ಉಡದ ದಿನ ಕೋಟಿನ ಬೆಲ್ಟೋ ಕೈಚೀಲದ ಪಟ್ಟಿಯೋ ಸಿಕ್ಕಿದ್ದನ್ನೇ ಎಳೆದು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ಇಷ್ಟಾದ ಮೇಲೆ ಮಾತು. ಈ ಕ್ರಮ ಬಲ್ಲ ನಮಗೆಲ್ಲ ಮೂಗು ಕೆಂಪಾದ ಕೂಡಲೇ ಬಾಯಿ ಮುಚ್ಚಿಕೊಳ್ಳಲು ಬೇಕಾದಷ್ಟು ಸಮಯವಿತ್ತು. ಯಾರೂ ಮುಚ್ಚಿಕೊಳ್ಳುತ್ತಿರಲಿಲ್ಲ. ನಾನಂತೂ ಇಲ್ಲವೇ ಇಲ್ಲ.

ಈ ಮಾರ್ಚಿನಲ್ಲಿ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅವರ ಬಗ್ಗೆ ನನಗೆ ಗೊತ್ತಿದೆ ಅಂದುಕೊಂಡಿದ್ದರಲ್ಲಿ ಎಷ್ಟು ನಿಜ ಎಂಬುದೇ ಈಗ ಅನುಮಾನವಾಗಿರುವಾಗ, ಹೆಸರು ಹಾಕಿ ಬರೆಯುವ ಧೈರ್ಯ ಬರುತ್ತಿಲ್ಲ.

ಮೊದಲ ಸಲ ಅವರನ್ನು ನೋಡಿದ್ದು ಲಂಡನ್ನಿನ ಎಜ್‌ವೇರ್‌ನ ಜಿಪಿ, ಅಂದರೆ ಬಡಾವಣೆ ಡಾಕ್ಟರ, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ. ನಾನು ಮೈಸೂರಿನಿಂದ ಬಂದು ಎರಡು ವಾರ ಆಗಿತ್ತು. ಮಗಳು ಹೊಟ್ಟೆಯಲ್ಲಿದ್ದಳು. ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಎದುರು ಕುರ್ಚಿಯಿಂದ ಒಬ್ಬರು, "ಫೋನಿನ್ಯಾಗ ಅಷ್ಟು ಜೋರ್ ಮಾತಾಡಬ್ಯಾಡ್ರಿ ತಂಗೀ, ಇಲ್ಲಿ ಮಂದಿ ಒಂಥರಾ ನೋಡ್ತಾರ" ಅಂದರು. ಅದನ್ನು ಅವರು ಹೇಳಿದ್ದು ನನಗಿಂತ ಜೋರಾಗಿ. ಮಂದಿ ನೋಡಿದ್ದು ಅವರನ್ನು.

ನಾನು ತಡೆಯಲಾರದೆ, "ನಾನು ಮೆತ್ತಗೇ ಮಾತಾಡ್ತಿದ್ದೆ, ಈಗ ನೀವು ಮಾತಾಡಿದ್ದು ಹೊರಗಡೆ ಬಸ್ ಸ್ಟಾಪಿಗೂ ಕೇಳಿಸಿರತ್ತೆ" ಅಂದೆ.

ಅವರ ಮೂಗು ಕೆಂಪಾಯಿತು. "ಒಳ್ಳೇದ್ ಹೇಳಾಕ ಬಂದ್ರ ನನಗs ಹೇಳ್ತೀರೇನ್ರಿ!" ಎಂದು ಎದ್ದು ಹೋಗಿ ಬೇರೆ ಕುರ್ಚಿಯಲ್ಲಿ ಕೂತರು. ಐದು ನಿಮಿಷ ಆಯಿತು. ರಿಸೆಪ್ಷನ್‌ನವಳು ಕೊಟ್ಟ ಫಾರಂ ಹಿಡಿದು ನಾನು ತಡಕಾಡುತ್ತಿರುವುದನ್ನು ನೋಡಿ ಮತ್ತೆ ಬಂದು ಪಕ್ಕದಲ್ಲಿ ಕೂತು, ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ಇಡೀ ಫಾರಂ ತುಂಬಿದರು. ಅವತ್ತು ಸಂಜೆ ಡಬ್ಬಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಹಿಡಿದು ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ನಿಂತಿದ್ದರು. ವಿಳಾಸವನ್ನು ಅದೇ ಫಾರಂ ತುಂಬುವಾಗ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಂತೆ.

ಹೀಗೆ ಮೊದಲ ದಿನವೇ ನಾನು ಅವರನ್ನು ರೇಗಿಸಿದೆ, ಅವರು ರೇಗಿದರು. ಆಮೇಲಿನ ಹನ್ನೆರಡು ವರ್ಷ ನಮ್ಮ ಸ್ನೇಹ ನಡೆದದ್ದೇ ಹಾಗೆ.

ಅವರು ಧಾರವಾಡದವರು. ಮದುವೆಗೆ ಮುಂಚೆ ಅಲ್ಲೊಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಯಜಮಾನರಿಗೆ ಇಲ್ಲಿ ನೆಲದಡಿಯ ಟ್ಯೂಬ್ ರೈಲುಗಳ ರಿಪೇರಿ ಡಿಪೋದಲ್ಲಿ ಕೆಲಸ. ಹಾಗಾಗಿ ಲಂಡನ್ನಿನ ರೈಲುಗಳ ವಿಷಯದಲ್ಲಿ ತಮ್ಮನ್ನು ಯಾರೂ ಪ್ರಶ್ನಿಸುವಂತಿಲ್ಲ ಎಂದು ಅಕ್ಕ ನಂಬಿದ್ದರು. ಒಂದು ಭಾನುವಾರ ನಾವು ನಾಲ್ಕೈದು ಮನೆಯವರು ಊರೊಳಗೆ ತಿರುಗಾಡಿ ವಾಪಸು ಬರುತ್ತಿದ್ದೆವು. ನಾರ್ದರ್ನ್ ಲೈನು ನಡುವೆ ಎರಡಾಗಿ ಒಡೆಯುತ್ತದೆ. ಒಂದು ಕವಲು ನಮ್ಮ ಎಜ್‌ವೇರ್‌ಗೆ, ಇನ್ನೊಂದು ಹೈ ಬಾರ್ನೆಟ್‌ಗೆ. ರೈಲು ಬಂತು. ಸುಧಾಕರ ಬೋರ್ಡು ನೋಡಿ ಅನುಮಾನಿಸಿದ. ಕುಂದಾಪುರದ ಸುಧಾಕರ ಆಗ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದ, ಲಂಡನ್ನಿಗೆ ಹೊಸಬ. ಅಕ್ಕ ಅವನ ತೋಳು ಹಿಡಿದು ಒಳಗೆ ಎಳೆದುಕೊಂಡು, "ಇಪ್ಪತ್ತು ವರ್ಷ ಆತಪಾ ಈ ಲೈನಿನ್ಯಾಗ ನಾ ಅಡ್ಡಾಡಾಕ ಹತ್ತಿ, ನನಗ ಹೇಳ್ತೀಯೇನ? ಬರ್ರಿ ಎಲ್ಲಾರೂ!" ಅಂದರು. ಎಲ್ಲರೂ ಹತ್ತಿದೆವು. ಮಕ್ಕಳು ಮರಿ, ಊಟದ ಡಬ್ಬಿ ಸಮೇತ ಹೈ ಬಾರ್ನೆಟ್‌ನಲ್ಲಿ ಇಳಿದೆವು.

ಅವತ್ತಿನಿಂದ ಅವರು ಬಾರ್ನೆಟ್ ಅಕ್ಕ. ಯಾರ ಮನೆಗೆ ಕರೆದರೂ ಸುಧಾಕರ ಕೇಳುವನು: "ಹ್ವಾಯ್ ಅಕ್ಕ, ಯಾವ ರೈಲ್ ಹತ್ತುದ್ ಅಂದೇಳಿ ನೀವೇ ಹೇಳಿ ಕಾಂಬ!" ಅಕ್ಕನ ಮೂಗು, ಕಿವಿ, ಸೆರಗು. "ಒಮ್ಮೆ ತಪ್ಪಿದ್ದಕ್ಕ ಹತ್ತು ವರ್ಷ ಚಾಷ್ಟಿ ಮಾಡ್ತೀರಿ! ನೀವೇನು ಕಣ್ಣು ಕಟ್ಟಿಕೊಂಡು ಹತ್ತಿದ್ರೇನು? ಓದಾಕ ಬರತಿರಲಿಲ್ಲೇನು?" ಎಂದು ಒದರಿ, ಕೋಟು ಹಾಕಿಕೊಂಡು, ಬಾಗಿಲ ತನಕ ಹೋಗಿ, ಬೂಟಿನ ಲೇಸು ಕಟ್ಟುತ್ತ ಇನ್ನಷ್ಟು ಬೈದು, ಆಮೇಲೆ ಲೇಸು ಬಿಚ್ಚಿ ಒಳಗೆ ಬಂದು ಚಹಾಕ್ಕೆ ನೀರಿಡುತ್ತಿದ್ದರು. ಯಾರ ಮನೆಯಾದರೂ ಸರಿ, ಚಹಾ ಅವರೇ ಮಾಡುತ್ತಿದ್ದರು.

ಇದಕ್ಕೊಂದು ಹೆಸರು ಕೊಟ್ಟವಳು ನನ್ನ ಮಗಳು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ. ಒಂದು ಬೇಸಿಗೆ ರಜೆ ಬೆಂಗಳೂರಿನ ದೊಡ್ಡಮ್ಮನ ಮಕ್ಕಳ ಜೊತೆ ಕಳೆದು ಬಂದವಳು ಅಲ್ಲಿಂದ ತಂದ ಒಂದೇ ಕನ್ನಡ ಮಾತು 'ಉರ್ಕೊಳ್ಳೋದು'. ಯಾರನ್ನಾದರೂ ಕಿಚಾಯಿಸಿದಾಗ ಅವರು ಮುಖ ಸಿಂಡರಿಸಿದರೆ, ಸಿಡುಕಿದರೆ, ಅಲ್ಲಿನ ಮಕ್ಕಳೆಲ್ಲ ಸೇರಿ 'ಉರ್ಕೊಂಡ, ಉರ್ಕೊಂಡ' ಎಂದು ಕುಣಿಯುತ್ತಾರಂತೆ. ಅಕ್ಕ ಬಾಗಿಲಲ್ಲಿ ಲೇಸು ಕಟ್ಟುತ್ತಿದ್ದಾಗ ಇವಳು ಸೋಫಾದಿಂದ, "ಅಮ್ಮಾ, ಅಕ್ಕ ಉರ್ಕೊಂಡ್ರು!" ಅಂದಳು. ಅವಳಿಗೆ ಅವರು ಅಕ್ಕ ಆಗಬೇಕಿರಲಿಲ್ಲ, ಆದರೆ ನಾವೆಲ್ಲ ಅಕ್ಕ ಅನ್ನುತ್ತಿದ್ದುದರಿಂದ ಅವಳಿಗೂ ಅಕ್ಕನೇ.

ಅಕ್ಕ ತಲೆಯೆತ್ತಿದರು. "ಏನಂದ್ಲು ಹುಡುಗಿ? ನಾ ಉರಕೊಂಡೆ? ಯಾರ ಮ್ಯಾಲ ಉರಕೊಂಡೆ ನಾನು?"

ಧಾರವಾಡದಲ್ಲಿ ಉರಕೊಳ್ಳುವುದೆಂದರೆ ಹೊಟ್ಟೆ ಉರಿದುಕೊಳ್ಳುವುದು, ಅಸೂಯೆಪಡುವುದು. ಹಾಗಲ್ಲ ಅಕ್ಕಾ, ರೇಗಿಸಿದಾಗ ಸಿಟ್ಟು ಬರುತ್ತಲ್ಲ, ಅದಕ್ಕೆ ಹಾಗನ್ನುತ್ತಾರೆ ಎಂದು ನಾನು ತಿಳಿಸಿ ಹೇಳಿದೆ. "ಅದಕ್ಕ ನಮ್ಮ ಕಡೆ ಸಿಟ್ಟಿಗೇಳೂದು ಅಂತಾರ. ನಾ ಮಂದಿ ನೋಡಿ ಹೊಟ್ಟಿ ಉರಕೊಳ್ಳೂ ಪೈಕಿ ಅಲ್ಲ. ಅರಮನಿ ಕಟ್ಟಸ್ರಿ, ನಾ ಬಂದು ಊಟ ಮಾಡಿ ಹೋಗಾಕಿ!" ಎಂದು ಆ ಪದದ ಮೇಲೇ ಇನ್ನೊಂದು ಸುತ್ತು ಸಿಟ್ಟಿಗೆದ್ದರು. ಮಗಳು ಚಪ್ಪಾಳೆ ತಟ್ಟಿದಳು. ಸುಧಾಕರ, "ಮತ್ತೂ ಉರ್ಕಂಡ್ರ್ ಕಾಣಿ!" ಅಂದ. ಅಕ್ಕನಿಗೂ ನಗು ಬಂತು ಎಂದು ನನ್ನ ನೆನಪು. ಬಂದಿತ್ತೋ ಇಲ್ಲವೋ, ಈಗ ಪ್ರಮಾಣ ಮಾಡಿ ಹೇಳಲಾರೆ.

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನನಗೊಂದು ಕೆಲಸ ಕೊಡಿಸಿದವರೂ ಅವರೇ. ಅಕ್ಸ್‌ಬ್ರಿಡ್ಜ್‌ನ ಒಂದು ಕಾಲೇಜಿನಲ್ಲಿ ಅವರು ಪರೀಕ್ಷೆಯ ಕಾಲದಲ್ಲಿ ಮೇಲ್ವಿಚಾರಕಿಯಾಗಿ ಹೋಗುತ್ತಿದ್ದರು. ನನ್ನನ್ನೂ ಸೇರಿಸಿದರು. ಮೇ, ಜೂನ್ ತಿಂಗಳಲ್ಲಿ ಬೆಳಿಗ್ಗೆ ಇಬ್ಬರೂ ಹ್ಯಾರೋ ತನಕ ಬಸ್ಸಿನಲ್ಲಿ, ಅಲ್ಲಿಂದ ಟ್ಯೂಬಿನಲ್ಲಿ ಹೋಗುತ್ತಿದ್ದೆವು. ದೊಡ್ಡ ಹಾಲು, ನೂರೈವತ್ತು ಮೇಜು. ಸದ್ದಾಗದ ಬೂಟು ಹಾಕಿಕೊಂಡು ಸಾಲುಗಳ ನಡುವೆ ಅಡ್ಡಾಡಬೇಕು, ಕೈ ಎತ್ತಿದವರಿಗೆ ಹೆಚ್ಚಿನ ಹಾಳೆ ಕೊಡಬೇಕು, ಹೊರಗೆ ಹೋಗಬೇಕೆಂದವರ ಜೊತೆ ಶೌಚಾಲಯದ ಬಾಗಿಲ ತನಕ ಹೋಗಿ ಬರಬೇಕು. ಮಾತಿಲ್ಲ. ನನಗೆ ಅದು ಹೊತ್ತು ಕಳೆಯುವ ಕೆಲಸ. ಅವರಿಗೆ ಹಾಗಲ್ಲ. ಆ ಹಾಲಿಗೆ ಕಾಲಿಟ್ಟ ಕೂಡಲೇ ಬೆನ್ನು ನೆಟ್ಟಗಾಗುತ್ತಿತ್ತು. ಗಣಿತದ ಪತ್ರಿಕೆ ಇದ್ದ ದಿನ ಉಳಿದ ಒಂದು ಪ್ರಶ್ನೆಪತ್ರಿಕೆಯನ್ನು ಕೇಳಿ ಪಡೆದು, ವಾಪಸು ಬರುವಾಗ ಟ್ಯೂಬಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಲೆಕ್ಕ ಬಿಡಿಸುತ್ತಿದ್ದರು. "ಇಲ್ಲಿ ಮಾತ್ರ ನಾ ಇನ್ನೂ ಟೀಚರ್ ಇದ್ದೀನಿ ನೋಡು" ಅಂದಿದ್ದರು ಒಂದು ಸಲ.

ಮೂರನೆಯ ವರ್ಷ ಅದು ನಡೆಯಿತು.

ಅಕ್ಕ ಒಬ್ಬ ಹುಡುಗನನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿದ್ದರು. ವಾಪಸು ಬರುವಾಗ ಯಾವುದೋ ಬೇರೆ ಕಾರಿಡಾರಿಗೆ ತಿರುಗಿರಬೇಕು, ಹಿಂದಿನ ಬಾಗಿಲಿನ ಬದಲು ಮುಂದಿನ ಬಾಗಿಲಿನಿಂದ ಒಳಗೆ ಬಂದರು. ತಾನೆಲ್ಲಿದ್ದೇನೆ ಎಂದು ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿ ನಿಂತರು. ನಾನು ಹಾಲಿನ ಆಚೆ ತುದಿಯಲ್ಲಿದ್ದೆ. ನಗು ಉಕ್ಕಿ ಬಂತು. ಒಂದು ಚೂರು ಕಾಗದದ ಮೇಲೆ ಕನ್ನಡದಲ್ಲಿ, 'ಮುಂದಿನ ನಿಲ್ದಾಣ ಹೈ ಬಾರ್ನೆಟ್' ಎಂದು ಬರೆದೆ. ಹೆಚ್ಚಿನ ಹಾಳೆಗಳ ಕಟ್ಟಿನ ಮೇಲೆ ಅದನ್ನಿಟ್ಟು ತಂದು ಅವರ ಕೈಗೆ ಕೊಟ್ಟು, ಗಂಭೀರವಾಗಿ ನನ್ನ ಜಾಗಕ್ಕೆ ನಡೆದೆ. ಇಲ್ಲಿ ಅವರು ಬೈಯುವಂತಿಲ್ಲ, ಮೂಗು ಕೆಂಪು ಮಾಡಿಕೊಂಡು ನಿಲ್ಲಬೇಕಷ್ಟೆ, ಅದನ್ನು ನೋಡಿ ಮಜಾ ತೆಗೆದುಕೊಳ್ಳಬೇಕು ಎಂಬುದು ನನ್ನ ಲೆಕ್ಕ.

"ಏ, ಸಾಕು ಮಾಡs ಬೇ ಇನ್ನ!"

ನೂರೈವತ್ತು ತಲೆಗಳು ಮೇಲೆದ್ದವು. ಅಕ್ಕ ಕೂಗಿದ ಜಾಗದ ಪಕ್ಕದಲ್ಲೇ ಕೂತಿದ್ದ ಒಬ್ಬಳು ಹುಡುಗಿ ಬೆಚ್ಚಿ ಬಿದ್ದು ಅಳತೊಡಗಿದಳು. ಮೊದಲೇ ಹೆದರಿಕೊಂಡಿದ್ದ ಮಗು, ಅಳು ನಿಲ್ಲದೆ ಅವಳನ್ನು ಹೊರಗೆ ಕರೆದುಕೊಂಡು ಹೋಗಬೇಕಾಯಿತು. ನಮ್ಮ ಮುಖ್ಯಸ್ಥೆ, ಬಿಳಿ ಕೂದಲಿನ ತೆಳ್ಳನೆಯ ಇಂಗ್ಲಿಷ್ ಹೆಂಗಸು, ಸದ್ದಿಲ್ಲದೆ ನಡೆದು ಬಂದು ಕೈ ಚಾಚಿದರು. ಪರೀಕ್ಷೆಯ ಹಾಲಿನಲ್ಲಿ ಚೀಟಿ ಎಂದರೆ ತಮಾಷೆಯಲ್ಲ. ಅದೂ ಅವರಿಗೆ ಓದಲು ಬಾರದ ಲಿಪಿಯಲ್ಲಿ.

ಅಕ್ಕ ಚೀಟಿಯನ್ನು ಕೊಟ್ಟರು. ಇದೇನು ಎಂದು ಅವರು ಪಿಸುಗುಟ್ಟಿದ್ದು, ಅಕ್ಕ ಬೆರಳಿಟ್ಟು ತೋರಿಸುತ್ತ ಏನೋ ಹೇಳಿದ್ದು ದೂರದಿಂದ ಕಂಡಿತು. ಮುಖ್ಯಸ್ಥೆ ನೇರ ನನ್ನ ಬಳಿ ಬಂದರು. ನಿಮಗೆ ಈ ಭಾಷೆ ಓದಲು ಬರುತ್ತದೆ ಅಲ್ಲವೇ, ಇದು ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ ಎಂದು ಆಕೆ ಹೇಳುತ್ತಿದ್ದಾರೆ, ಅಕ್ಕಿ, ಬೇಳೆ, ಉಳ್ಳಾಗಡ್ಡಿ ಎಂದು, ಹೌದೇ, ಎಂದು ಕೇಳಿದರು.

ನನ್ನದೇ ಅಕ್ಷರ ನನ್ನ ಕಣ್ಣ ಮುಂದಿತ್ತು. ನಾನು ಹೌದು ಅಂದೆ.

ಅಕ್ಕನನ್ನು ಹೊರಗೆ ಕಳಿಸಿದರು. ನಮ್ಮ ಕೋಟು, ಚೀಲಗಳನ್ನು ಇಟ್ಟ ಕೋಣೆಗೆ ಬೀಗ ಹಾಕಿದ್ದರಿಂದ ಪರೀಕ್ಷೆ ಮುಗಿಯುವ ತನಕ, ಒಂದೂವರೆ ಗಂಟೆ, ಅವರು ಕಾರಿಡಾರಿನ ಕುರ್ಚಿಯಲ್ಲಿ ಕೂತಿರಬೇಕಾಯಿತು. ಆ ಒಂದೂವರೆ ಗಂಟೆ ನಾನು ಒಳಗೆ ಸಾಲುಗಳ ನಡುವೆ ಅಡ್ಡಾಡುತ್ತ, ಮುಗಿದ ಕೂಡಲೇ ಹೋಗಿ ನಿಜ ಹೇಳಿಬಿಡುತ್ತೇನೆ ಎಂದು ಹೇಳಿಕೊಂಡೆ. ಮುಗಿಯಿತು. ಉತ್ತರಪತ್ರಿಕೆಗಳನ್ನು ಎಣಿಸಿ ಕಟ್ಟಿದೆವು. ಮುಖ್ಯಸ್ಥೆ ಎದುರಿಗೇ ಇದ್ದರು. ಹೇಳಲಿಲ್ಲ.

ಹೊರಗೆ ಬಂದಾಗ ಬೈಗುಳಕ್ಕೆ ಸಿದ್ಧಳಾಗಿದ್ದೆ. ನಿಜ ಹೇಳಬೇಕೆಂದರೆ, ಬೈಯಲಿ ಎಂದು ಕಾಯುತ್ತಿದ್ದೆ. ಅಕ್ಕ ಎದ್ದು ಕೋಟು ಹಾಕಿಕೊಂಡು, "ನಡೀ, ಆಮ್ಯಾಲ ರೈಲಿನ್ಯಾಗ ಭಾಳ ಗದ್ಲ ಆಗತೈತಿ" ಅಂದರು. ಟ್ಯೂಬಿನಲ್ಲಿ ತಮ್ಮ ಮಗಳ ಡ್ರೈವಿಂಗ್ ಟೆಸ್ಟಿನ ಬಗ್ಗೆ ಮಾತಾಡಿದರು. ಮೂಗು ಇದ್ದ ಹಾಗೇ ಇತ್ತು. ನಾನು ಅದನ್ನೇ ನೋಡುತ್ತ ಕೂತಿದ್ದೆ.

ಮುಂದಿನ ವರ್ಷ ಕಾಲೇಜಿನಿಂದ ನನಗೆ ಪತ್ರ ಬಂತು. ಅವರಿಗೆ ಬರಲಿಲ್ಲ.

ಅಲ್ಲಿಂದ ಮುಂದೆ ಆದದ್ದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಂದು ಹೋಗುವುದು ನಿಲ್ಲಲಿಲ್ಲ, ರೊಟ್ಟಿಯ ಡಬ್ಬಿ ನಿಲ್ಲಲಿಲ್ಲ. ನನಗೆ ಜ್ವರ ಬಂದಾಗ ಮಗಳನ್ನು ಶಾಲೆಗೆ ಬಿಟ್ಟು ಬಂದವರು ಅವರೇ. ನಿಂತದ್ದು ಒಂದೇ. ನಾನು ರೇಗಿಸಿದರೆ ಅವರು ರೇಗುತ್ತಿರಲಿಲ್ಲ. ಸುಧಾಕರ ಎಂದಿನ ಹಾಗೆ ರೈಲಿನ ಮಾತು ತೆಗೆದರೆ ಸಾಕು, ಎಂದಿನ ಹಾಗೇ ಎದ್ದು ಕೋಟು ಹಾಕಿಕೊಳ್ಳುವರು. ಅದೇ ಮಾತನ್ನು ನಾನು ಆಡಿದರೆ, "ಹೌದಲ್ಲ, ತಪ್ಪಿತ್ತು ಆವತ್ತ" ಎಂದು ಸಣ್ಣಗೆ ನಗುವರು. ರೊಟ್ಟಿ ದಪ್ಪಗಾಗಿದೆ ಅಂದೆ. "ಹೌದ ನೋಡು, ದಪ್ಪ ಆಗ್ಯಾವು" ಅಂದರು. ಧಾರವಾಡದ ಪೇಡೆಗಿಂತ ನಮ್ಮ ಮೈಸೂರು ಪಾಕೇ ಮೇಲು ಎಂದೆ. ಹಿಂದೆ ಈ ಮಾತಿಗೆ ಅರ್ಧ ಗಂಟೆ ಬೈಸಿಕೊಂಡಿದ್ದೆ. "ಅದೂ ಚಲೋ ಇರತೈತಿ" ಅಂದರು. ಬಾಗಿಲು ತೆರೆದೇ ಇದೆ, ಒಳಗೆ ಯಾರೂ ಇಲ್ಲ ಅನ್ನಿಸುವಂಥ ಮಾತು ಅದು. ನನ್ನನ್ನು ಕ್ಷಮಿಸಿದ್ದಾರೋ, ನನ್ನ ಜೊತೆ ಜಗಳಾಡುವ ಸಲಿಗೆಯನ್ನು ವಾಪಸು ತೆಗೆದುಕೊಂಡಿದ್ದಾರೋ? ಗಂಡನನ್ನು ಕೇಳಿದೆ. "ನೀನು ರೇಗಿಸಿದಾಗ ಸಿಟ್ಟಾಗ್ತಿಲ್ಲ ಅಂತ ನಿಂಗೆ ಬೇಜಾರಾ? ಇದೆಂಥದು?" ಎಂದು ನಕ್ಕರು. ಅವರ ಬಾಯಲ್ಲಿ ಕೇಳಿದಾಗ ನನಗೂ ಅದು ಹುಚ್ಚಿನಂತೆಯೇ ಕೇಳಿಸಿತು.

ಹೋದ ವರ್ಷ ಅವರ ಮಗಳಿಗೆ ಹೊಸ ಕೆಲಸ ಸಿಕ್ಕಿತು. ಅವಳಿಗೊಂದು ಒಳ್ಳೆಯ ಕೋಟು ಕೊಡಿಸಬೇಕೆಂದು ಅಕ್ಕ ನನ್ನನ್ನು ಸ್ಟ್ರಾಟ್‌ಫರ್ಡ್‌ಗೆ ಕರೆದುಕೊಂಡು ಹೋದರು. ಅಲ್ಲಿನ ಅಷ್ಟು ದೊಡ್ಡ ಮಾಲಿನಲ್ಲಿ ಅಡ್ಡಾಡಿ ಕಾಲು ಸೋತು ಒಂದು ಬೆಂಚಿನ ಮೇಲೆ ಕೂತೆವು. ಆ ಹೊತ್ತಿಗಾಗಲೇ ಅವರಿಗೆ ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತಿತ್ತು. ನಾನದನ್ನು ವಯಸ್ಸು ಅಂದುಕೊಂಡೆ. ಅಲ್ಲಿ, ಜನ ಚೀಲ ಹಿಡಿದು ಹಾದು ಹೋಗುತ್ತಿರುವಾಗ, ಹೇಳಿದೆ.

"ಅಕ್ಕಾ, ಅವತ್ತು ಆ ಚೀಟಿ ನಂದು ಅಂತ ನಾನು ಹೇಳ್ಬೇಕಿತ್ತು."

ಅವರು ಬೂಟು ಸಡಿಲ ಮಾಡಿಕೊಳ್ಳುತ್ತಿದ್ದರು. ಯಾವ ಚೀಟಿ ಎಂದು ಕೇಳಲಿಲ್ಲ. "ಹೇಳಿದ್ರ ಏನಾಗತಿತ್ತು? ಇಬ್ಬರದೂ ಕೆಲಸ ಹೋಗತಿತ್ತು."

"ಹೋದ್ರೆ ಹೋಗ್ಲಿ. ನೀವು ಅಲ್ಲಿ ಒಬ್ಬರೇ ಕೂತಿದ್ರಿ. ನೀವು ನನಗೆ ಒಂದು ಮಾತೂ ಬೈಲಿಲ್ಲ ಅಕ್ಕಾ."

ಅವರು ಇನ್ನೊಂದು ಬೂಟಿನ ಲೇಸನ್ನೂ ಬಿಚ್ಚಿದರು.

"ಬೈಬೇಕಂತ ಭಾಳ ಮಾಡಿದ್ದೆ. ಆ ಕುರ್ಚಿ ಮ್ಯಾಲ ಕುಂತು ಏನೇನು ಅನಬೇಕು ಎಲ್ಲಾ ತಯಾರ ಇಟಗೊಂಡಿದ್ದೆ. ನೀ ಹೊರಗ ಬಂದಿ. ನಿನ್ನ ಮಾರಿ ನೋಡಿದೆ. ಏನೂ ಬರಲಿಲ್ಲ. ಸಣ್ಣಸಣ್ಣದಕ್ಕ ಹ್ಯಾಂಗ ಬರತೈತಿ ನೋಡು ನನಗ, ದೊಡ್ಡದಕ್ಕ ಬರಂಗಿಲ್ಲ. ಒಳಗs ಎಲ್ಲೋ ಹೊಕ್ಕೊಂಡು ಕುಂದರತೈತಿ. ನಾ ಏನ್ ಮಾಡ್ಲಿ?"

ನಾನು ನೆಲದ ಮೇಲಿದ್ದ ಅವರ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ.

"ಆ ಹುಡುಗಿ ಅಳತಿದ್ಲಲ್ಲ, ಪಾಸಾದಳೇನು ಆಕಿ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ವಿಚಾರಿಸಿಯೂ ಇರಲಿಲ್ಲ.

"ನಾ ಆಕೀದs ವಿಚಾರ ಮಾಡತೀನಿ ಆಗಾಗ" ಎಂದು ಅಕ್ಕ ಎದ್ದರು. ಆಮೇಲೆ ಕಂದು ಬಣ್ಣದ ಕೋಟೊಂದನ್ನು ಆರಿಸಿ, ನನ್ನ ಮೈಗೆ ಹಿಡಿದು ಅಳತೆ ನೋಡಿ ಕೊಂಡರು. ಮಾತು ಆಡಿದ್ದರಿಂದ ಹಗುರವಾಯಿತೇ ಎಂದರೆ, ಇಲ್ಲ. ಅವರು ಬೈದಿದ್ದರೆ ಆಗುತ್ತಿತ್ತೇನೋ.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕುಸಿದು ಬಿದ್ದರಂತೆ. ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು. ಹೃದಯದ ತೊಂದರೆ ಇತ್ತೆಂದು ಜಿಪಿ ಎರಡು ವರ್ಷದ ಹಿಂದೆಯೇ ಹೇಳಿದ್ದರಂತೆ. ನಮಗೆ ಯಾರಿಗೂ ಹೇಳಿರಲಿಲ್ಲ.

ಕ್ರಿಮಟೋರಿಯಂನಿಂದ ಎಲ್ಲರೂ ಅವರ ಮನೆಗೆ ಬಂದೆವು. ಅಷ್ಟು ವರ್ಷಗಳಲ್ಲಿ ಅವರ ಯಜಮಾನರನ್ನು ನಾನು ಸರಿಯಾಗಿ ಮಾತಾಡಿಸಿದ್ದು ಅವತ್ತೇ. ನಾವು ಹೋದಾಗೆಲ್ಲ ಅವರು ಶಿಫ್ಟಿನಲ್ಲಿರುತ್ತಿದ್ದರು, ಇಲ್ಲವೇ ಅವರು ಬರುವ ಹೊತ್ತಿಗೆ ನಾವು ಹೊರಡುತ್ತಿದ್ದೆವು. ಮೆಲುದನಿಯ ಮನುಷ್ಯ. ಬಂದವರಿಗೆಲ್ಲ ತಾವೇ ನೀರು ತಂದು ಕೊಡುತ್ತಿದ್ದರು. ಮನೆ ತೀರಾ ಮೌನವಾಗಿತ್ತು. ಅದನ್ನು ಸಹಿಸಲಾಗದೆ ಇರಬೇಕು, ಸುಧಾಕರ ಮಾತು ತೆಗೆದ. "ಅಕ್ಕ ಸಿಟ್ ಮಾಡುದ್ ಕಾಂಬುದೇ ಒಂದ್ ಚೆಂದ ಇತ್ತ್" ಎಂದವನೇ ಎದ್ದು ನಿಂತು, ಅಕ್ಕ ಹೇಗೆ ಕೈ ಬೀಸುತ್ತಿದ್ದರು, ಹೇಗೆ ಬಾಗಿಲ ತನಕ ಹೋಗಿ ತಿರುಗಿ ಬರುತ್ತಿದ್ದರು ಎಂದು ಮಾಡಿ ತೋರಿಸಿದ. ಅವರ ದನಿಯನ್ನೂ ತೆಗೆದ. ಅತ್ತು ಕಣ್ಣು ಊದಿಸಿಕೊಂಡಿದ್ದವರೆಲ್ಲ ನಕ್ಕೆವು.

ನಮ್ಮ ಕೂಟಗಳಲ್ಲಿ ಎಂದೂ ಕೂರದಿದ್ದ ಅವರ ಮಗಳು ಮಾತ್ರ ನಗಲಿಲ್ಲ. ನನ್ನ ಪಕ್ಕದಲ್ಲೇ ಕೂತಿದ್ದವಳು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು: ಇವರು ಯಾರ ಬಗ್ಗೆ ಹೇಳುತ್ತಿದ್ದಾರೆ? ನಮ್ಮ ಅಮ್ಮ ಮನೆಯಲ್ಲಿ ಒಂದು ದಿನವೂ ದನಿ ಎತ್ತಿದವಳಲ್ಲ.

ನಾನು ಅವಳ ಮುಖ ನೋಡಿದೆ. ತಮಾಷೆಯಲ್ಲ. ಹೊರಗಿನವರೆದುರು ಮಾತ್ರ ಸಿಟ್ಟು ಮಾಡುವ ಹೆಂಗಸನ್ನು ನಾನು ಕಂಡಿಲ್ಲ; ಎಲ್ಲರೂ ಮಾಡುವುದು ಇದರ ತಿರುವುಮುರುವು.

ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಯಜಮಾನರು ಅದನ್ನು ಮೇಜಿನ ಮೇಲಿಟ್ಟು ನನ್ನ ಹತ್ತಿರ ಬಂದು ಕೂತರು.

"ಆಕಿ ಇಷ್ಟು ಜೋರ್ ಮಾತಾಡತಿದ್ಲೇನ್ರಿ?"

"ಹೌದು ಅಣ್ಣಾ. ರೇಗಿಸಿದಾಗ."

"ನಾ ಎಂದೂ ಕಾಡಸಲಿಲ್ರಿ ಆಕಿನ್ನ. ಕಾಡಸಬಾರದು ಅಂತ ತಿಳಕೊಂಡಿದ್ದೆ." ಬೆರಳುಗಳನ್ನು ಹೆಣೆದುಕೊಂಡರು. "ಕಾಡಸಿದ್ರ ನನ್ನ ಜೋಡಿನೂ ಹಂಗ ಮಾತಾಡತಿದ್ಲೇನು?"

ಆ ಮನೆಯಲ್ಲಿ ಏನಿತ್ತು, ಏನಿರಲಿಲ್ಲ, ನನಗೆ ತಿಳಿಯದು. ನಮ್ಮೆದುರು ಅವರು ಸಿಟ್ಟಾಗಿದ್ದು ಪ್ರೀತಿಯೋ, ಮನೆಯಲ್ಲಿ ಸುಮ್ಮನಿದ್ದದ್ದು ಪ್ರೀತಿಯೋ, ನನ್ನೆದುರು ಕೊನೆಯ ವರ್ಷಗಳಲ್ಲಿ ಹಾಗೆ ಸುಮ್ಮನಿದ್ದದ್ದು ಇವೆರಡರಲ್ಲಿ ಯಾವುದೋ.

"ಗೊತ್ತಿಲ್ಲ ಅಣ್ಣಾ" ಅಂದೆ.

ಅವರು ತಲೆಯಾಡಿಸಿದರು. ಆಮೇಲೆ ಸುಧಾಕರನ ಕಡೆ ತಿರುಗಿ, ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, "ತಮ್ಮಾ, ಇನ್ನೊಮ್ಮೆ ಮಾಡಿ ತೋರಸಪಾ" ಅಂದರು.

ಸುಧಾಕರ ನಮ್ಮೆಲ್ಲರ ಮುಖ ನೋಡಿದ. ಎದ್ದು ನಿಂತು ಮೊದಲಿನಿಂದ ಮಾಡಿ ತೋರಿಸಿದ. ಈ ಸಲ ಯಾರೂ ನಗಲಿಲ್ಲ.